ಕಡೆಯ ನುಡಿಯ ಹೆಸರು

ಗುರಮ್ಮನ ಪದವನ್ನು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಜನ ಹಾಡಿಕೊಂಡು ತಿರುಗುತ್ತಿದ್ದರು. ಅದು ಗುರಮ್ಮನದೆಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಇದಕ್ಕೆ ಯಾರನ್ನಾದರೂ ಬೈಯಲೇಬೇಕೆಂದರೆ ಮೊದಲು ಅವಳನ್ನೇ ಬೈಯಬೇಕು. ಕೈಯಾರೆ ಕಟ್ಟಿದ ಪದಕ್ಕೆ ಕೈಯಾರೆ ಇನ್ನೊಬ್ಬರ ಹೆಸರು ಹಾಕಿದವಳು ಅವಳೇ.

ಗೀಗೀ ಪದ ಅಂದಮೇಲೆ ಅದರ ಕಡೆಯ ನುಡಿಯಲ್ಲಿ ಕಟ್ಟಿದವರ ಊರೂ ಹೆಸರೂ ಬರಬೇಕು. ಅದಕ್ಕೆ ಅಂಕಿತ ಅನ್ನುತ್ತಾರೆ. ಆದರೆ ಅಂಕಿತ ಯಾರಿಗೂ ಹಾದಿಯಲ್ಲಿ ಬಿದ್ದು ಸಿಗುವುದಿಲ್ಲ, ಗುರು ಕೊಡಬೇಕು. ಕೊಡುವತನಕ ಶಿಷ್ಯರು ಎಷ್ಟು ಚೆಂದದ ಪದ ಕಟ್ಟಿದರೂ ಕಡೆಗೆ ಗುರುವಿನ ಹೆಸರನ್ನೇ ಹಾಡಿ ಕೈಮುಗಿಯಬೇಕು, ಅದು ದಸ್ತೂರ. ನರೋಣಾದ ಗುರಮ್ಮನಿಗೆ ಪದ ಕಲಿಸಿದವನು ಮಾದನಹಿಪ್ಪರಗಾದ ಖಂಡಪ್ಪ ಮಾಸ್ತರ. ಆದ್ದರಿಂದ ಅವಳ ಪದಗಳೆಲ್ಲ ‘ಹಿಪ್ಪರಗಿ ಖಂಡಪ್ಪ ಕಟ್ಟ್ಯಾನ ಈ ಪದ’ ಎಂದೇ ಮುಗಿಯುತ್ತಿದ್ದವು. ಹೊಲದಲ್ಲಿ, ಮದುವೆ ಮನೆಯಲ್ಲಿ ಹಾಡುವಾಗ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಹಾಡುವವಳು ಎದುರಿಗೇ ಕೂತಿರುತ್ತಿದ್ದಳು, ಪದ ಯಾರದೆಂದು ಕೇಳಿದರೆ ಪಕ್ಕದವರು ಹೇಳುತ್ತಿದ್ದರು. ಕ್ಯಾಸೆಟ್ಟಿನೊಳಗೆ ಹೋದಮೇಲೆ ಹೇಳುವ ಪಕ್ಕದವರು ಯಾರು?

ತೊಂಬತ್ತೊಂದನೆಯ ಇಸವಿಯ ಬೇಸಿಗೆ ಅದು. ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ಇಟ್ಟುಕೊಂಡಿದ್ದ ಅಬ್ದುಲ್ ಗನಿಯ ಸಾಮಾನು ಕೋಣೆಯಲ್ಲಿ, ವೈರಿನ ಸುರುಳಿ ಮತ್ತು ಅಗಲ ಬಾಯಿಯ ಮೈಕಿನ ಭೋಂಗಾಗಳ ನಡುವೆ ಕೂತು ಅವಳು ಹಾಡಿದಳು. ಸದ್ದು ಬರಬಾರದೆಂದು ಬಾಗಿಲಿಗೆ ಕೌದಿ ಕಟ್ಟಿದರು, ಫ್ಯಾನು ನಿಲ್ಲಿಸಿದರು. ಗಂಡ ಧರ್ಮಣ್ಣ ಬೆವರು ಒರೆಸಿಕೊಳ್ಳುತ್ತ ಡಪ್ಪು ಬಾರಿಸಿದ. ಗಂಡನ ಮನೆಗೆ ಹೊರಟ ಹುಡುಗಿಯ ಪದ ನಡೆದಿರುವಾಗ ಹೊರಗೆ ಯಾವನೋ ಡ್ರೈವರ್ ಹಾರ್ನ್ ಹೊಡೆದ. ಗನಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಗುರಮ್ಮ ಮಾತ್ರ ನಿಲ್ಲಿಸಲಿಲ್ಲ.

ಕೆಂಪ ಮೋಟಾರ ಬಂತ ಅಗಸೀಗಿ ನಿಂತ
ಕುಂತೇನಿ ಹಿಂದಿನ ಸೀಟಿನಾಗ
ಹಿಂದಿನ ಗಾಜಿನ್ಯಾಗ ಹಡದವ್ವ ಕಂಡಾಳ
ಸಣ್ಣಾಕಿ ಆದಾಳ ಧೂಳಿನಾಗ

ಆ ಹಾರ್ನು ಹಾಗೇ ಉಳಿಯಿತು. ಮುಂದೆ ಜನ ಅದನ್ನು ಬೇಕೆಂದೇ ಹಾಕಿದ್ದಾರೆಂದು ಹೊಗಳಿದ್ದೇ ಹೊಗಳಿದ್ದು.

ಗನಿಯ ಹತ್ತಿರ ಎರಡು ಕ್ಯಾಸೆಟ್ ಹಿಡಿಯುವ ಟೇಪ್ ಇತ್ತು. ಒಂದರಿಂದ ಒಂದಕ್ಕೆ ತುಂಬಿಸುತ್ತ ಕೂತರೆ ಟೇಪು ಕಾದು ಹೆಂಚಾಗುತ್ತಿತ್ತು. ಆ ಕ್ಯಾಸೆಟ್ಟುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಗುರಮ್ಮ ಊರೂರು ಸುತ್ತಿದಳು. ಮನೆಯಲ್ಲಿ ಜೋಳ ಬೀಸಿಟ್ಟು, ರೊಟ್ಟಿ ಬಡಿದಿಟ್ಟು, ಆಮೇಲೆ ಬಸ್ಸು ಹತ್ತುತ್ತಿದ್ದಳು. ಹೋಟೆಲಿನವರ ಮುಂದೆ, ಜೀಪಿನವರ ಮುಂದೆ, ಹಜಾಮತಿ ಅಂಗಡಿಯವರ ಮುಂದೆ ನಿಂತು, “ಒಂದ್ ಸಲ ಹಾಕ್ರಿ ಯಣ್ಣಾ, ಹಿಡಿಸಲಿಲ್ಲಂದ್ರ ತಗದ್ ಬಿಡ್ರಿ” ಅನ್ನುತ್ತಿದ್ದಳು. ಕೆಲವರು ಸಿನಿಮಾದ್ದೇನು ಎಂದು ಕೇಳಿ ಮುಖ ತಿರುಗಿಸಿದರು. ಜೇವರ್ಗಿಯ ಒಬ್ಬ ಹೋಟೆಲಿನ ಮಹಾಶಯ ಕ್ಯಾಸೆಟ್ ಇಸಿದುಕೊಂಡು, ಅದರ ಮೇಲೆಯೇ ಸಿನಿಮಾ ಹಾಡು ತುಂಬಿಸಿ, ಮರುವಾರ ಬಂದ ಅವಳಿಗೇ ಕೇಳಿಸಿದ. ಅವಳಿಗೆ ಅಳುವೂ ಬಂತು, ಅವನ ತಲೆಯ ಮೇಲೆ ಚಹಾದ ಕಿಟ್ಲಿ ಸುರಿಯುವಷ್ಟು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಮುಂದಿನ ಅಂಗಡಿಗೆ ನಡೆದಳು.

ನೆರವಿಗೆ ಬಂದವನು ಸಿಕಂದರ. ಚೌಡಾಪುರದಿಂದ ಅಫಜಲಪುರಕ್ಕೆ ಜೀಪು ಓಡಿಸುವವನು, ಬಾಯಿಬಡುಕ, ಆದರೆ ಕಿವಿ ಇದ್ದ ಮನುಷ್ಯ. ಅವನು ಕ್ಯಾಸೆಟ್ ಹಾಕಿದ ದಿನ ಜೀಪಿನಲ್ಲಿ ಹೊಸ ಮದುವೆಯ ಹುಡುಗಿಯೊಬ್ಬಳು ಕೂತಿದ್ದಳು. ಹಡೆದವ್ವ ಸಣ್ಣವಳಾಗುವ ಸಾಲು ಬಂದದ್ದೇ ಅವಳು ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಕುರಿಗಳಂತೆ ಒತ್ತಿ ತುಂಬಿದ್ದ ಆ ಜೀಪಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪದ ಮುಗಿದಮೇಲೆ ಮುದುಕನೊಬ್ಬ, “ಇನ್ನೊಮ್ಮೆ ಹಾಕಪಾ” ಅಂದ. ಅಂದಿನಿಂದ ಸಿಕಂದರನ ಜೀಪಿಗಾಗಿ ಜನ ಬೇರೆ ಜೀಪು ಬಿಟ್ಟು ನಿಲ್ಲತೊಡಗಿದರು. ಅದನ್ನು ನೋಡಿ ಬೇರೆ ಜೀಪಿನವರು ಗನಿಯ ಅಂಗಡಿಗೆ ಓಡಿದರು. ಮಳೆಗಾಲ ಹಿಡಿಯುವಷ್ಟರಲ್ಲಿ ಮೂರು ತಾಲೂಕಿನ ಮದುವೆ, ಕುಬಸ, ಅಂಗಡಿ ಪೂಜೆ ಎಲ್ಲದರಲ್ಲಿ ಅದೇ ಪದ.

ಗುರಮ್ಮ ಗಾಳಿಯಲ್ಲಿ ನಡೆಯುತ್ತಿದ್ದಳು ಅನ್ನಬೇಕು. ಅವಳನ್ನು ನೆಲಕ್ಕಿಳಿಸಿದ್ದು ಆ ಜೀಪೇ. ಒಂದು ದಿನ ಚೌಡಾಪುರದಲ್ಲಿ ಹತ್ತಿ ಕೂತಿದ್ದಾಗ, ಎದುರಿಗೆ ಕೂತ ಪಟಗದ ಯಜಮಾನ ಪದ ಕೇಳಿ ತಲೆದೂಗಿದ.

“ಖಂಡಪ್ಪ ಮಾಸ್ತರ ಏನ್ ಕಟ್ಟ್ಯಾನಪಾ! ಹೆಣ್ಮಕ್ಕಳ ಹೊಟ್ಟ್ಯಾಗ ಹೊಕ್ಕು ಬಂದಾನ.”

ಗುರಮ್ಮ, “ಹಾಡಾಕಿ ಯಾರ್ರಿ ಅಕಿ?” ಎಂದು ಕೇಳಿದಳು.

“ಯಾರೋ ಒಬ್ಬಾಕಿ. ಹಾಡಾವ್ರು ಗಲ್ಲಿಗೊಬ್ರು ಸಿಗ್ತಾರ ತಂಗಿ, ಕಟ್ಟಾವ್ರು ಸಿಗಬೇಕಲ್ಲ?”

ಸಿಕಂದರ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಅಫಜಲಪುರದಲ್ಲಿ ಎಲ್ಲರೂ ಇಳಿದಮೇಲೆ ಅವಳನ್ನು ತಡೆದು, ತಾನು ಎರಡು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸುದ್ದಿ ಹೇಳಿದ. ಗುಲಬರ್ಗಾದಲ್ಲಿ ಕ್ಯಾಸೆಟ್ ವ್ಯಾಪಾರ ಮಾಡುವ ಶಿವರಾಯ ಸಾವಕಾರ ಈ ಪದ ಕಟ್ಟಿದವನನ್ನು ಹುಡುಕಿಕೊಂಡು ಹಿಪ್ಪರಗಾಕ್ಕೆ ಹೋಗಿ ಬಂದಿದ್ದಾನೆ. ಖಂಡಪ್ಪನ ಫೋಟೊ ಹಾಕಿ ದೊಡ್ಡದಾಗಿ ಕ್ಯಾಸೆಟ್ ಹೊರಡಿಸುತ್ತಾನಂತೆ. ಹಾಡುವುದಕ್ಕೆ ಸೋಲಾಪುರದ ನಾಟಕದವಳನ್ನು ಗೊತ್ತುಮಾಡಿದ್ದಾನಂತೆ. ಬರುವ ಸಂತೆಯ ದಿನ ಆಳಂದದಲ್ಲಿ, ಗನಿಯ ಅಂಗಡಿಯ ಮುಂದೆಯೇ, ಹತ್ತು ಜನರ ಎದುರು ಮಾತು ಪಕ್ಕಾ ಆಗುತ್ತದಂತೆ.

“ಮಾಸ್ತರ್ರು ಏನಂದ್ರಂತ?” ಗುರಮ್ಮ ಕೇಳಿದಳು.

“ಏನೂ ಅನ್ನಲಿಲ್ಲಂತ. ನಕ್ಕರಂತ,” ಸಿಕಂದರ ಹೇಳಿದ. “ಅಕ್ಕಾ, ಜಲ್ದಿ ಹೋಗಿ ಭೆಟ್ಟಿಯಾಗು. ಒಂದ್ಸಲ ಛಾಪಾ ಆದ್ರ ಮುಗೀತು. ಆಮ್ಯಾಲ ನೀನ ಹಾಡಿದ್ರೂ ಅವರ ಪದ ಕದ್ದಾಳ ಅಂತಾರ.”

ಅವಳು ಮನೆಗೂ ಹೋಗದೆ ಹಿಪ್ಪರಗಾದ ಬಸ್ಸು ಹಿಡಿದಳು.

ಖಂಡಪ್ಪನ ಪಡಸಾಲೆಯ ಗೂಟಕ್ಕೆ ಬಾಡಿದ ಹೂವಿನ ಹಾರ ನೇತಾಡುತ್ತಿತ್ತು. ಆ ಮನೆಯಲ್ಲಿ ಹಾರ ಕಂಡು ಎಷ್ಟು ವರ್ಷವಾಗಿತ್ತೋ! ಮುದುಕ ಹೊಸ ಧೋತರ ಉಟ್ಟು, ಎಲೆಯಡಿಕೆ ಹಾಕಿಕೊಂಡು ಗೋಡೆಗೆ ಒರಗಿದ್ದ. ಅವನ ಹೆಂಡತಿ ಗಂಗಾಬಾಯಿ ಚಹಾ ತಂದಿಟ್ಟು, ಗುರಮ್ಮನ ಮುಖ ನೋಡಿದವಳೇ ಒಳಗೆ ಹೋದಳು.

“ಬಾ ಬೇ ಗುರಮ್ಮ. ಮಂದಿ ಹುಚ್ಚಾಗ್ಯಾರ ನೋಡು ಆ ಪದಕ್ಕ,” ಅಂದ ಖಂಡಪ್ಪ.

“ಆ ಪದ ನಂದಲ್ಲೇನ್ರಿ, ಮಾಸ್ತರ್ರ?”

“ಅಂಕಿತ ಯಾರ್ದೈತಿ?”

“ನಿಮ್ದ ಐತ್ರಿ. ದಸ್ತೂರ ಅಂತ ಹಾಕೇನಿ.”

“ದಸ್ತೂರ ಅಂದಮ್ಯಾಲ ಮುಗೀತಲ್ಲ. ಯಾರ ಅಂಕಿತ ಐತೋ ಪದಾ ಅವರ್ದು.”

ಗುರಮ್ಮ ಚಹಾದ ಬಸಿ ಕೆಳಗಿಟ್ಟಳು. “ಹಂಗಿದ್ರ ನನಗ ಅಂಕಿತ ಕೊಡ್ರಿ. ಸಂತಿ ದಿನ ಎಲ್ಲಾರ ಮುಂದ ನಿಮ್ಮ ಬಾಯಿಲೆ ಒಂದ್ ಸಲ ನನ್ನ ಹೆಸರು ಹಾಡ್ರಿ. ಸಾಕು.”

ಅಂಕಿತ ಕೊಡುವುದೆಂದರೆ ಅಷ್ಟೇ. ಸಭೆಯಲ್ಲಿ ಗುರು ತನ್ನ ಬಾಯಿಂದ ಶಿಷ್ಯನ ಹೆಸರನ್ನು ಪದದೊಳಗೆ ಹಾಡಬೇಕು. ಅಂದಿನಿಂದ ಆ ಹೆಸರು ನಡೆಯುತ್ತದೆ. ಒಮ್ಮೆ ಹಾಡಿದ್ದನ್ನು ಹಿಂದಕ್ಕೆ ಪಡೆಯಲು ಗುರುವಿಗೂ ಬರುವುದಿಲ್ಲ.

“ನಮ್ಮ ಮ್ಯಾಳದಾಗ ಹೆಣ್ಮಕ್ಕಳಿಗೆ ಅಂಕಿತ ಕೊಟ್ಟಿಲ್ಲ,” ಅಂದ ಖಂಡಪ್ಪ. ಆಮೇಲೆ ದನಿ ತಗ್ಗಿಸಿದ. “ಕೊಟ್ಟೆ ಅಂತ ತಿಳಿ. ಮರುದಿನದಿಂದ ನಿಂದು ಬ್ಯಾರೆ ಮ್ಯಾಳ. ಈ ಪಡಸಾಲಿ ನಿನಗ ಬಂದ್. ಅದೂ ದಸ್ತೂರನ ಐತಿ.”

“ಗೊತ್ತೈತ್ರಿ.”

“ಗೊತ್ತಿದ್ದೂ ಕೇಳಾಕತ್ತಿ!” ಮುದುಕ ಎದ್ದು ಕೂತ. “ನನ್ನ ದನಿ ಹೋತು. ಮ್ಯಾಳ ಒಡೀತು. ಈ ಬಾಗಲಾ ಬಡಿಯಾವ್ರಿಲ್ಲದ ನಾ ಗೋಡಿ ನೋಡಕೋತ ಕುಂತೆ. ಈಗ ಮಂದಿ ಬರಾಕತ್ತ್ಯಾರ, ಮಾಸ್ತರ್ರ ಅಂತಾರ. ಹೆಸರೊಂದ ಉಳದಿತ್ತವ್ವಾ. ಅದನ್ನೂ ಕಸಗೋತಿ ಏನು?”

ಗುರಮ್ಮ ಎದ್ದು ಅಂಗಳಕ್ಕಿಳಿದಳು. ಹಾಡುತ್ತಾಳೆಂದು ಅತ್ತೆ ಅವಳನ್ನು ಹೊರಗೆ ಹಾಕಿ ಕದ ಮುಚ್ಚಿದ ಕಾಲದಲ್ಲಿ, ಇದೇ ಖಂಡಪ್ಪ ನರೋಣಾಕ್ಕೆ ಬಂದು ಆ ಕದದ ಮುಂದೆ ಒಂಟಿ ತಂತಿಯ ತುಂತುಣಿ ಹಿಡಿದು ಕೂತಿದ್ದ. ಅತ್ತೆ ಮಣಿಯುವತನಕ ಎದ್ದಿರಲಿಲ್ಲ. ಒಂದು ಬಿಲ್ಲಿ ದುಡ್ಡು ಮುಟ್ಟದೆ ವಿದ್ಯೆ ಕೊಟ್ಟ ಮನುಷ್ಯ. ಅವಳು ಕಟ್ಟಿದ ಪ್ರತಿ ಪದವನ್ನೂ ಮೊದಲು ಕೇಳಿದ ಕಿವಿ ಅವನದು. ಈ ಋಣ ಅವಳಿಗೆ ನೆನಪಿರಲಿಲ್ಲವೆಂದು ಯಾರೂ ಅನ್ನುವಂತಿಲ್ಲ. ಆದರೆ ಋಣಕ್ಕೆ ಎಂದು ಹೊಟ್ಟೆಯ ಕೂಸನ್ನು ಬರೆದುಕೊಡಲಾದೀತೇ? ಅವಳು ಮುಂದೆ ಕಟ್ಟುವ ಪದಗಳಿಗೂ ಇದೇ ಗತಿ. ಸಾವಕಾರನಿಗೆ ಬೇಕಾದದ್ದು ಖಂಡಪ್ಪನ ಪದ. ಖಂಡಪ್ಪನ ಪದ ಇದ್ದದ್ದು ಗುರಮ್ಮನ ಗಂಟಲಲ್ಲಿ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಧರ್ಮಣ್ಣ ಒಳ್ಳೆಯವನೇ, ಆದರೆ ಅಂಜುಬುರುಕ. “ಮಾಸ್ತರ್ರ ಎದುರು ನಿಂತ್ರ ಯಾವ ಊರಾಗೂ ನಮ್ಮನ್ನ ಹಾಡಾಕ ಕರಿಯಂಗಿಲ್ಲ ನೋಡು. ಗುರುವಿಗೆ ಎರಡು ಬಗದೋರು ಅಂತಾರ,” ಅಂದ.

“ಸಂತಿ ದಿನ ನಾ ಹಾಡಿದ್ರ ನೀ ಡಪ್ಪು ಬಾರಸ್ತೀಯೋ ಇಲ್ಲೋ ಅಷ್ಟು ಹೇಳು.”

“ಬಾರಸ್ತೇನಿ. ಆದ್ರ ಮಾಸ್ತರ್ರ ಮಾರಿ ನೋಡಿ ಬಾರಸ್ತೇನಿ,” ಎಂದು ಧರ್ಮಣ್ಣ ಆ ಕಡೆ ತಿರುಗಿ ಕೂತ. ಮುಂದಿನ ದಿನಗಳಲ್ಲಿ ಗಂಡ ಹೆಂಡತಿ ರೊಟ್ಟಿ, ನೀರು, ದನ ಇಷ್ಟೇ ಮಾತಾಡಿದರು.

ಸಂತೆಯ ದಿನ ಮಧ್ಯಾಹ್ನ ಗನಿಯ ಅಂಗಡಿಯ ಮುಂದೆ ಎರಡು ಪಲ್ಲಂಗ ಕೂಡಿಸಿ ಜಮಖಾನೆ ಹಾಸಿದ್ದರು. ಭೋಂಗಾಗಳು ನಾಲ್ಕೂ ದಿಕ್ಕಿಗೆ ಬಾಯಿ ತೆರೆದು ನಿಂತಿದ್ದವು. ಮೆಣಸಿನಕಾಯಿ ಮಾರುವವರು, ಬಳೆಗಾರರು, ಸಂತೆಗೆ ಬಂದ ಹೆಂಗಸರು ಗುಂಪುಗೂಡಿದರು. ಶಿವರಾಯ ಸಾವಕಾರ ಕುರ್ಚಿಯಲ್ಲಿ ಕೂತಿದ್ದ. ಸೌಮ್ಯ ಮನುಷ್ಯ, ಜಗಳ ಬೇಡದವನು. ಪಕ್ಕದಲ್ಲಿ ಸೋಲಾಪುರದವಳು ಕೆನ್ನೆಗೆ ಪೌಡರ್ ಹಚ್ಚಿಕೊಂಡು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಖಂಡಪ್ಪ ಜಮಖಾನೆಯ ಮೇಲೆ, ಗುರಮ್ಮ ಧರ್ಮಣ್ಣನ ಜೊತೆ ಅದರ ಅಂಚಿಗೆ ಕೂತಿದ್ದರು.

“ಖಂಡಪ್ಪನೋರ, ಎಲ್ಲಾರ ಮುಂದ ಒಂದ್ ಮಾತಾಗ್ಲಿ,” ಅಂದ ಸಾವಕಾರ. “ಪದ ಯಾರ್ದು?”

ಗನಿ ಮೈಕನ್ನು ಮುದುಕನ ಬಾಯಿಗೆ ಹಿಡಿದ. ಗನಿಗೆ ಸತ್ಯ ಗೊತ್ತಿತ್ತು, ಪಾಪ, ಕಣ್ಣು ನೆಲಕ್ಕಿಟ್ಟುಕೊಂಡಿದ್ದ. ಖಂಡಪ್ಪ ಗುರಮ್ಮನ ಕಡೆ ನೋಡಲಿಲ್ಲ.

“ಪದ ನಂದು. ಹಾಡಿದಾಕಿ ನನ್ನ ಶಿಷ್ಯಳು.”

ಭೋಂಗಾಗಳು ಅದನ್ನು ಸಂತೆಯ ತುಂಬ ಹೇಳಿದವು.

“ಚಲೋ ಆತು,” ಎಂದು ಸಾವಕಾರ ಅವಳ ಕಡೆ ತಿರುಗಿದ. “ತಂಗಿ, ನೀ ಒಮ್ಮೆ ಹಾಡಿ ತೋರಸು. ಈ ಸೋಲಾಪುರದ ಬಾಯಾರು ಧಾಟಿ ಹಿಡಕೋತಾರ.”

ಅವಮಾನ ಮಾಡಬೇಕೆಂದು ಅವನು ಅಂದದ್ದಲ್ಲ. ಅದಕ್ಕೇ ಅದು ಇನ್ನಷ್ಟು ಉರಿಯಿತು. ತನ್ನ ಪದವನ್ನು ತಾನೇ ಹಾಡಿ ಇನ್ನೊಬ್ಬಳ ಬಾಯಿಗೆ ಹಾಕಿ ಮನೆಗೆ ಹೋಗಬೇಕು! ಎದ್ದು ಹೋಗಿಬಿಡಲೇ ಅನ್ನಿಸಿತು. ಎದ್ದು ಹೋದರೆ ಹೋದದ್ದೇ. ಗುರಮ್ಮ ಸೆರಗು ಬಿಗಿದು ಮೈಕಿನ ಮುಂದೆ ಕೂತಳು.

ಹಿಂದೆ ಹಿಮ್ಮೇಳ ಕೂಡಿತು. ಧರ್ಮಣ್ಣ ಡಪ್ಪು ಎದೆಗೆ ಒತ್ತಿಕೊಂಡ. ಹಳೆಯ ಮೇಳದ ಇಬ್ಬರು ಬಂದು ಕೂತರು. ಅವರ ನಡುವೆ ಖಂಡಪ್ಪ ತುಂತುಣಿ ಹಿಡಿದು ಕಣ್ಣು ಮುಚ್ಚಿದ. ದನಿ ಹೋದಮೇಲೆ ಅವನ ಜಾಗ ಹಿಮ್ಮೇಳದಲ್ಲೇ. ಹಿಮ್ಮೇಳದ ಕೆಲಸವೇನೆಂದರೆ, ಮುಂದಿನವರು ಸಾಲನ್ನು ಮೇಲಕ್ಕೆತ್ತಿ ಬಿಟ್ಟಾಗ ಅದೇ ಸಾಲನ್ನು ಹಿಡಿದು ಕೆಳಗಿಳಿಸುವುದು. ಅವರು ಹಿಡಿಯದಿದ್ದರೆ ಪದ ಮುಗಿಯುವುದಿಲ್ಲ, ಹಾಡಿದವರ ಮಾನ ನಡುದಾರಿಯಲ್ಲಿ ನಿಲ್ಲುತ್ತದೆ.

ಅವಳು ಹಾಡಿದಳು. ಮೋಟಾರು ಬಂತು, ಊರ ಅಗಸೆಬಾಗಿಲಿಗೆ ನಿಂತಿತು. ಸಂತೆಯ ಗದ್ದಲ ಒಂದೊಂದಾಗಿ ಅಡಗಿತು. ಖಂಡಪ್ಪನ ಒಡೆದ ದನಿ ಹಿಂದಿನಿಂದ ಪ್ರತಿ ಸಾಲಿಗೂ ಬಂದು ಸೇರುತ್ತಿತ್ತು. ಎಷ್ಟು ಒಡೆದರೂ ಲಯ ಒಂದು ಕೂದಲೆಳೆ ಸರಿಯಲಿಲ್ಲ. ಇಂಥ ಗುರುವಿಗೆ ತಾನೇನು ಮಾಡಹೊರಟಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಮಾಡುತ್ತೇನೋ ಇಲ್ಲವೋ ಅವಳಿಗೇ ಖಾತ್ರಿ ಇರಲಿಲ್ಲ. ನುಡಿಗಳು ಮುಗಿಯುತ್ತ ಬಂದವು. ಸೋಲಾಪುರದವಳು ತುಟಿ ಆಡಿಸುತ್ತ ಧಾಟಿ ಕಲಿಯುತ್ತಿದ್ದಳು. ಆ ತುಟಿಗಳನ್ನು ನೋಡುತ್ತಲೇ ಗುರಮ್ಮ ಕಡೆಯ ನುಡಿ ಎತ್ತಿದಳು.

ನರೋಣಿ ಗುರಮ್ಮ ಕಟ್ಟ್ಯಾಳ ಈ ಪದ
ತವರಿನ ಹಾದೀಯ ಮರಿಬ್ಯಾಡ

ಮೇಲಕ್ಕೆತ್ತಿ ಬಿಟ್ಟಳು. ಯಾರೂ ಹಿಡಿಯಲಿಲ್ಲ.

ಇಬ್ಬರು ಹಿಮ್ಮೇಳದವರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಡಪ್ಪು ನಿಂತಿತು. ಭೋಂಗಾದಲ್ಲಿ ಬರಿಯ ಗುಂಯ್ ಸದ್ದು. ಜನರ ನಡುವಿನಿಂದ ಯಾವನೋ “ಏ, ಏನಂದಳಾಕಿ?” ಅಂದ. ಮುಂದಿನವರು ಬಿಟ್ಟ ಸಾಲನ್ನು ಮತ್ತೆ ತಾವೇ ಹಿಡಿಯುವಂತಿಲ್ಲ. ಗುರಮ್ಮ ಹಿಂದೆ ತಿರುಗಿ ನೋಡಲಿಲ್ಲ. ಅವಳಿಗೆ ಅಂಜಿಕೆಯಾಗಿತ್ತು. ನೆಲ ಬಾಯಿ ಬಿಟ್ಟರೆ ಸಾಕು ಅನ್ನುವಷ್ಟು ಅಂಜಿಕೆ. ಬೆನ್ನ ಹಿಂದೆ ಗಂಡನ ಉಸಿರು ಕೇಳುತ್ತಿತ್ತು.

ಧರ್ಮಣ್ಣ ಮಾಸ್ತರನ ಮುಖ ನೋಡಿದ. ಅದು ಕಣ್ಣು ಮುಚ್ಚಿಕೊಂಡೇ ಇತ್ತು. ಹೆಂಡತಿಯ ಬೆನ್ನು ನೋಡಿದ. ಕುಪ್ಪಸ ಬೆವರಿನಿಂದ ತೊಯ್ದು ಹೋಗಿತ್ತು. ಆ ಅಂಜುಬುರುಕನಿಗೆ ಏನನ್ನಿಸಿತೋ, ಕೈ ಎತ್ತಿ ಹಿಮ್ಮೇಳವನ್ನು ಕರೆಯುವ ಪೆಟ್ಟನ್ನು ಡಪ್ಪಿನ ಮೇಲೆ ಹಾಕಿದ.

ಪೆಟ್ಟು ಬಿದ್ದದ್ದೇ ಖಂಡಪ್ಪನ ಗಂಟಲು ತೆರೆಯಿತು. ಹುಡುಗನಾಗಿದ್ದಾಗಿನಿಂದ ಆ ಪೆಟ್ಟಿಗೆ ಓಗೊಟ್ಟ ಗಂಟಲು ಅದು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ತನ್ನ ಯಜಮಾನನದನ್ನೂ ಕೇಳಲಿಲ್ಲ. ಗಾಳಿಯಲ್ಲಿ ನಿಂತ ಸಾಲನ್ನು ಹಾಗೇ ಹಿಡಿದು, ಕಣ್ಣು ಮುಚ್ಚಿಕೊಂಡೇ, ಪೂರಾ ಹಾಡಿ ಕೆಳಗಿಳಿಸಿತು. ‘ನರೋಣಿ ಗುರಮ್ಮ ಕಟ್ಟ್ಯಾಳ ಈ ಪದ.’ ಅದರ ಹಿಂದೆ ಉಳಿದಿಬ್ಬರೂ ‘ಗೀಯ ಗಾ ಗೀಯ’ ಎಂದು ಕೂಡಿಕೊಂಡರು.

ಆಮೇಲೆ ಮುದುಕ ಕಣ್ಣು ತೆರೆದ. ತನ್ನ ಬಾಯಿಂದ ಏನು ಹೊರಟಿತೆಂದು ಆಗ ತಿಳಿಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡ, ತಡವಾಗಿತ್ತು. ಭೋಂಗಾ ಅದನ್ನು ಮೆಣಸಿನಕಾಯಿ ಸಾಲಿನತನಕ ಮುಟ್ಟಿಸಿತ್ತು.

“ಅಂಕಿತ ಕೊಟ್ರು! ಮಾಸ್ತರ್ರು ಅಂಕಿತ ಕೊಟ್ರು!” ಹಿಂದಿನ ಸಾಲಿನ ಮುದುಕಿಯೊಬ್ಬಳು ಕೂಗಿದಳು. ಸಿಕಂದರ ಸಿಳ್ಳು ಹೊಡೆದ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನೋಡತೊಡಗಿದರು.

ಸಾವಕಾರ ಗೊಂದಲಕ್ಕೆ ಬಿದ್ದ. “ಇದೇನ್ರಿ ಖಂಡಪ್ಪನೋರ? ಈಗ ನಿಮ್ದಂದ್ರಿ. ಪದ ಖರೇ ಯಾರ್ದು?”

ಮೈಕು ಮತ್ತೆ ಮುದುಕನ ಮುಂದೆ ಬಂತು. ತಪ್ಪಿ ಬಂತು ಅನ್ನಬಹುದಿತ್ತು. ವಯಸ್ಸಾಯಿತು, ನಾಲಿಗೆ ಜಾರಿತು ಅನ್ನಬಹುದಿತ್ತು. ಸಾವಕಾರ ಒಪ್ಪುತ್ತಿದ್ದ, ಅವನಿಗೆ ದಸ್ತೂರ ಏನು ಗೊತ್ತು? ಖಂಡಪ್ಪ ತುಂತುಣಿಯ ತಂತಿಯನ್ನೇ ನೋಡುತ್ತ ಕೂತ.

“ನನ್ನ ನಾಲಿಗಿ ನನಗ ಬೇಮಾನ್ ಆತು,” ಅಂದ ಕಡೆಗೆ. “ಆದ್ರ ಹಾಡಿದ್ದು ಹಾಡೇನಿ. ಆಕೀದ ಬರಕೋರಿ. ನಾ ಯಾವಾಗ ಗಂಡನ ಮನಿಗೆ ಹೋಗಿದ್ದೆ?”

ಜನ ಹೋ ಎಂದು ನಕ್ಕರು. ಅವನು ನಗಲಿಲ್ಲ. ಸಾವಕಾರ ಸೋಲಾಪುರದವಳ ಕಡೆ ಬಾಗಿ ಏನೋ ಹೇಳಿದ. ಅವಳು ಬೀಸಣಿಗೆ ಮಡಚಿಟ್ಟಳು.

ಗುರಮ್ಮ ಹೋಗಿ ಅವನ ಕಾಲಿಗೆ ಬಿದ್ದಳು. ಖಂಡಪ್ಪ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ತುಂತುಣಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

“ನಾಳಿಂದ ಪಡಸಾಲಿಗೆ ಬರಬ್ಯಾಡ.”

“ಹೌದ್ರಿ.”

“ದಸ್ತೂರ ಐತಿ.”

“ಹೌದ್ರಿ, ಮಾಸ್ತರ್ರ.” ಅವಳು ತಲೆಯೆತ್ತಿದಳು. ಗೆದ್ದವಳ ಮುಖ ಅದಾಗಿರಲಿಲ್ಲ. “ಹೊಸಾ ಪದ ಕಟ್ಟಿದ್ರ ಮೊದ್ಲ ಯಾರ ಮುಂದ ಹಾಡ್ಲಿ?”

ಮುದುಕನ ಕೈ ಗಂಟು ಕಟ್ಟುತ್ತಿದ್ದಲ್ಲೇ ನಿಂತಿತು. ಆ ದಿನ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

“ಅಂಕಿತದಾಕಿ ಆದಿ. ಇನ್ನ ಯಾರನ್ನ ಕೇಳ್ತಿ?” ಎಂದು ಎದ್ದು, ಜನರ ನಡುವೆ ಹಾದಿ ಮಾಡಿಕೊಂಡು ಹಿಪ್ಪರಗಾದ ಬಸ್ಸಿನ ಕಡೆ ನಡೆದ.

ಗನಿ ಮೈಕಿನಲ್ಲಿ, “ನರೋಣಾದ ಗುರಮ್ಮನೋರು, ಗುರಮ್ಮನೋರು ಮೈಕಿನ ಮುಂದ ಬರಬೇಕು,” ಎಂದು ಕೂಗುತ್ತಿದ್ದ. ತನ್ನ ಹೆಸರು ನಾಲ್ಕೂ ದಿಕ್ಕಿಗೆ ಕೇಳುತ್ತಿರುವಾಗ ಗುರಮ್ಮ ಜಮಖಾನೆಯ ಅಂಚಿನಲ್ಲಿ ಕೂತು, ಸಂತೆಯ ಜನರೆಲ್ಲ ನೋಡುತ್ತಿದ್ದರೂ ನಾಚದೆ, ದನಿ ತೆಗೆದು ಅತ್ತಳು.